ಹೂಂ ಅಂದರೆ ಏರುವ ಕಲ್ಲು

ನಮ್ಮವರಿಗೆ ಸಂಜೆಯ ಕಾಫಿಯನ್ನು ಹಗ್ಗಕ್ಕೆ ಕಟ್ಟಿ ಮೇಲಕ್ಕೆ ಕಳಿಸಬೇಕಾಗಿದ್ದ ಕಾಲ ಒಂದಿತ್ತು. ಹೆಂಡತಿ ಗಂಡನಿಗೆ ಕಾಫಿ ಕೊಡುವುದರಲ್ಲಿ ಏನು ವಿಶೇಷ ಎನ್ನಬೇಡಿ. ಅವರು ಕೂರುತ್ತಿದ್ದ ಕಲ್ಲು ಆಗ ಬಯಲಿನ ಹುಣಸೆಮರಕ್ಕಿಂತ ಎತ್ತರವಾಗಿತ್ತು. ಎರಡು ಏಣಿಗಳನ್ನು ಒಂದಕ್ಕೊಂದು ಬಿಗಿದು ಕಟ್ಟಿ ಅವರನ್ನು ಹತ್ತಿಸುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬರುತ್ತಿತ್ತು. ಫ್ಲಾಸ್ಕ್ ಕಟ್ಟಿದ್ದೇನೆ, ಎಳೆದುಕೊಳ್ಳಿ ಎಂದು ಗಂಟಲು ಹರಿಯುವಂತೆ ಕೂಗಿದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಕಲ್ಲಿನ ಬುಡಕ್ಕೆ ಸೌಟಿನಿಂದ ಬಡಿಯಬೇಕಾಗಿತ್ತು. ಹಾಗೆ ಬಡಿದು ಬಡಿದು ಸೊಟ್ಟಗಾದ ಸೌಟು ಈಗಲೂ ನಮ್ಮ ಅಡಿಗೆಮನೆಯಲ್ಲಿದೆ. ನಂಬದವರು ಬಂದು ನೋಡಬಹುದು.

ನಮ್ಮೂರಲ್ಲಿ ಸಂಜೆಯಾದರೆ ಅಂಗಡಿ ಮುಂಗಟ್ಟು ಮುಚ್ಚಿ ಎಲ್ಲರೂ ಬಯಲಿಗೆ ಬರುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಕಲ್ಲು. ಕೂತು ಮಾತಾಡುತ್ತೇವೆ. ದೋಸೆ ಹಿಟ್ಟು ಯಾಕೆ ಹುಳಿ ಬರಲಿಲ್ಲ, ಬಸ್ಸು ಯಾಕೆ ತಡವಾಯಿತು, ಮಗಳಿಗೆ ಬಂದ ಸಂಬಂಧ ಹೇಗೆ, ಎಲ್ಲ ಮಾತೂ ಅಲ್ಲೇ. ಮಾತು ಹಿಡಿಸಿದವರು ಹೂಂ ಅನ್ನುತ್ತಾರೆ, ಹಿಡಿಸದವರು ಊಹೂಂ ಅನ್ನುತ್ತಾರೆ. ಹೂಂ ಹೆಚ್ಚಾದರೆ ಮಾತಾಡಿದವರ ಕಲ್ಲು ಕೂತವರ ಸಮೇತ ಏರುತ್ತದೆ. ಊಹೂಂ ಹೆಚ್ಚಾದರೆ ನೆಲದೊಳಕ್ಕೆ ಇಳಿಯುತ್ತದೆ. ತಲೆ ಮುಳುಗುವಷ್ಟು ಇಳಿದರೆ ಮಣ್ಣು ಮುಚ್ಚಿಕೊಳ್ಳುತ್ತದೆ. ಕೂತವರು ಅಷ್ಟರೊಳಗೆ ಎದ್ದು ಹತ್ತಿ ಬಂದಿರಬೇಕು. ಆಮೇಲೆ ಅವರಿಗೆ ಬಯಲಿನಲ್ಲಿ ಜಾಗವಿಲ್ಲ. ಬೇಲಿಯ ಆಚೆ, ಹೊರಗಿನಿಂದ ಬಂದವರ ಜೊತೆ ನಿಂತು ಬಾಯಿ ಮುಚ್ಚಿಕೊಂಡು ನೋಡಬೇಕು.

ಕಲ್ಲುಗಳನ್ನು ಬೈಯುವುದಕ್ಕೆ ನಾನು ಈ ಕಥೆ ಹೇಳುತ್ತಿಲ್ಲ. ಕಲ್ಲುಗಳು ಬರುವುದಕ್ಕೆ ಮುಂಚೆ ಬಯಲಿನಲ್ಲಿ ಗದ್ದೆ ತೋಟ ಇದ್ದವರು ಮಾತಾಡುತ್ತಿದ್ದರಂತೆ, ಮಿಕ್ಕವರು ತಲೆಯಾಡಿಸುತ್ತಿದ್ದರಂತೆ. ಈಗ ಹಾಗಿಲ್ಲ. ಬಟ್ಟೆ ಒಗೆಯುವವಳ ಮಾತು ಸರಿಯೆನಿಸಿದರೆ ಅವಳ ಕಲ್ಲೂ ಏರುತ್ತದೆ, ಸಾಹುಕಾರರ ಮಾತು ಅಸಂಬದ್ಧವಾದರೆ ಅವರ ಕಲ್ಲೂ ಇಳಿಯುತ್ತದೆ. ಮಗುವಿಗೆ ನಾಯಿಕೆಮ್ಮು ಎಂದು ಒಬ್ಬಳು ಅತ್ತರೆ ಹತ್ತು ಜನ ಹತ್ತು ಔಷಧಿ ಹೇಳುತ್ತಾರೆ. ನಾಲ್ಕು ಮನೆಯಲ್ಲಿ ಗುಣ ಕೊಟ್ಟದ್ದನ್ನು ಹೇಳಿದವರ ಕಲ್ಲು ಏರುವುದರಿಂದ ಆ ತಾಯಿಗೆ ಯಾರ ಮಾತು ಕೇಳಬೇಕು ಎಂದು ತಿಳಿಯುತ್ತದೆ. ಬೋಳುತಲೆಯಲ್ಲಿ ಕೂದಲು ಬರುತ್ತದೆ ಎಂದು ಸುಟ್ಟ ಎಣ್ಣೆ ಮಾರುತ್ತಿದ್ದ ಒಬ್ಬನ ಕಲ್ಲು ಹದಿನೈದೇ ದಿನದಲ್ಲಿ ಮುಚ್ಚಿಹೋಯಿತು. ಒಳ್ಳೆಯದೇ ಆಯಿತು. ನಮ್ಮವರೂ ಅವನ ಹತ್ತಿರ ಎರಡು ಸೀಸೆ ಕೊಂಡಿದ್ದರು.

ಆದರೆ ಬಾವಿಗೆ ಬಿದ್ದ ಕೊಡವನ್ನು ಎತ್ತುವುದು ಹೇಗೆ ಎಂದು ಒಬ್ಬಳು ಸಾವಧಾನವಾಗಿ ಹೇಳಿಕೊಟ್ಟರೆ ಅವಳ ಕಲ್ಲು ಒಂದು ಗೇಣು ಏರುತ್ತದೆ, ಬಾವಿಗೆ ಬಿದ್ದ ಕೊಡದ ಬಗ್ಗೆ ಇನ್ನೊಬ್ಬ ಒಂದು ತಮಾಷೆ ಬಿಟ್ಟರೆ ಅವನದು ಒಂದು ಮೊಳ ಏರುತ್ತದೆ. ಇದೇ ತೊಂದರೆ. ನಮ್ಮವರು ತಮಾಷೆಯವರು. ಹೆಸರು ಚಂದ್ರಹಾಸ, ಸೈಕಲ್ ಅಂಗಡಿ. ಪಂಕ್ಚರ್ ಹಾಕುತ್ತಾ ಹಾಕುತ್ತಾ ಎರಡು ಸಾಲಿನ ತಮಾಷೆ ಕಟ್ಟಿಕೊಂಡು ಬಂದು ಸಂಜೆ ಬಿಡುತ್ತಿದ್ದರು. ಬಯಲು ಹೋ ಎಂದು ನಗುತ್ತಿತ್ತು, ಕಲ್ಲು ಏರುತ್ತಿತ್ತು. ಬರಬರುತ್ತಾ ಅವರು ಬಾಯಿ ತೆರೆಯುವ ಮುಂಚೆಯೇ ಜನ ಹೂಂ ಅನ್ನತೊಡಗಿದರು. ಅಷ್ಟೆತ್ತರದವರು ಹೇಳುತ್ತಿದ್ದಾರೆ ಎಂದರೆ ಸರಿಯೇ ಇರಬೇಕಲ್ಲ! ನನ್ನ ಕಲ್ಲು ಮಾತ್ರ ಎಂದೂ ಮೊಣಕಾಲೆತ್ತರ ದಾಟಿದ್ದಿಲ್ಲ. ನನ್ನದು ಹಿಟ್ಟಿನ ಗಿರಣಿ, ಬಾಯಿ ಸ್ವಲ್ಪ ಜೋರು. ಬೆಳಿಗ್ಗೆ ಬೈಸಿಕೊಂಡವರು ಸಂಜೆ ಊಹೂಂ ಅನ್ನುತ್ತಾರೆ, ಹಿಟ್ಟು ನುಣ್ಣಗೆ ಬಂದವರು ಹೂಂ ಅನ್ನುತ್ತಾರೆ. ಅಲ್ಲಿಂದಲ್ಲಿಗೆ ಸರಿಹೋಗುತ್ತದೆ.

ಊರಿನ ಅತಿ ಎತ್ತರದ ಕಲ್ಲು ನಮ್ಮವರದಾದರೆ ಅತಿ ತಗ್ಗಿನದು ಅವರ ಸ್ವಂತ ತಂಗಿಯದು. ನನ್ನ ನಾದಿನಿ ಚೆನ್ನಾಜಮ್ಮ. ನಾನು ಚೆನ್ನಾಜಿ ಅನ್ನುತ್ತೇನೆ. ಅವಳ ಗಂಡ ಲಾರಿ ಓಡಿಸುವವನು, ಊರಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಅವಳು ಮಣ್ಣಿನಲ್ಲಿ ಕಡಿದ ಮೆಟ್ಟಿಲು ಇಳಿದು ಕೂತರೆ ನೆಲದ ಮೇಲೆ ಕಾಣುವುದು ಅವಳ ಕುತ್ತಿಗೆಯಿಂದ ಮೇಲಿನದಷ್ಟೇ. ಕುಂಬಳಕಾಯಿ ಇಟ್ಟ ಹಾಗೆ.

ಅವಳು ಇಳಿದದ್ದು ಒಂದು ಲಾಡುವಿನಿಂದ. ಮಿಠಾಯಿ ಅಂಗಡಿಯ ಗುರುಶಾಂತಪ್ಪನವರು ಪ್ರತಿ ದೀಪಾವಳಿಗೆ ಇಡೀ ಬಯಲಿಗೆ ಪುಕ್ಕಟೆಯಾಗಿ ಲಾಡು ಹಂಚುತ್ತಾರೆ. ಊರಿಗೇ ಬೇಕಾದ ಮನುಷ್ಯ. ಒಂದು ವರ್ಷ ಲಾಡು ಬಾಯಿಗಿಟ್ಟ ಚೆನ್ನಾಜಿ, ತುಪ್ಪ ಕಮಟು ವಾಸನೆ ಹೊಡೀತಿದೆ, ಮಕ್ಕಳಿಗೆ ಕೊಡಬೇಡಿ ಅಂದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೇ. ಬಯಲಿನಲ್ಲಿ ಒಂದು ಕ್ಷಣ ಯಾರೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಎಲ್ಲರ ಬಾಯಲ್ಲೂ ಲಾಡು ಇತ್ತು. ಆಗ ನಮ್ಮವರು ಮೇಲಿನಿಂದ, ನಮ್ಮ ಚೆನ್ನಾಜಿ ಮೂಗು ಎಂಥದ್ದು ಗೊತ್ತಾ, ಪಕ್ಕದೂರಲ್ಲಿ ಈರುಳ್ಳಿ ಹೆಚ್ಚಿದರೆ ಇಲ್ಲಿ ಇವಳ ಕಣ್ಣಲ್ಲಿ ನೀರು ಬರುತ್ತೆ ಅಂದರು. ಬಯಲು ಬಿದ್ದು ಬಿದ್ದು ನಕ್ಕಿತು. ಅವರ ಕಲ್ಲು ಆ ದಿನ ಏರಿದಷ್ಟು ಎಂದೂ ಏರಿರಲಿಲ್ಲ. ನಗು ಮುಗಿದ ಮೇಲೆ ಜನ ಚೆನ್ನಾಜಿಯ ಕಡೆ ತಿರುಗಿ ಊಹೂಂ ಅಂದರು. ಅವಳ ಕಲ್ಲು ಧಸಕ್ಕೆಂದು ಸೊಂಟದವರೆಗೆ ಇಳಿಯಿತು. ಅದೇ ಲಾಡುವನ್ನು ನಮ್ಮವರು ಮಾರನೆಯ ದಿನ ಸೈಕಲ್ ಅಂಗಡಿಯ ಹಿಂದೆ ಎಸೆದದ್ದನ್ನು ನಾನು ಕಣ್ಣಾರೆ ಕಂಡೆ. ಇರುವೆ ಕೂಡ ಮುತ್ತಿರಲಿಲ್ಲ.

ಒಮ್ಮೆ ಇಳಿದ ಮೇಲೆ ಅವಳು ಏನಂದರೂ ಊಹೂಂ. ಒಂದು ಸಲ, ನಾಳೆ ಮಂಗಳವಾರ, ಸಂತೆ ಇದೆ ಅಂದಳು. ಅದಕ್ಕೂ ಊಹೂಂ ಅಂದರು. ಮಾರನೆಯ ದಿನ ಅರ್ಧ ಊರು ಸಂತೆಗೆ ಹೋಗದೆ ಮನೆಯಲ್ಲೇ ಕೂತಿತ್ತು, ಮಂಗಳವಾರ ಅಲ್ಲವೆಂದು ಬಯಲೇ ಹೇಳಿದೆಯಲ್ಲ! ಸಂತೆಗೆ ಬಂದಿದ್ದ ತರಕಾರಿಯವರು ನಮ್ಮೂರಿಗೆ ಏನಾಗಿದೆ ಎಂದು ಗಾಬರಿಯಾಗಿ ವಿಚಾರಿಸಿದರಂತೆ. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಚೆನ್ನಾಜಿ ಬರಬರುತ್ತಾ ಮಾತು ಕಡಿಮೆ ಮಾಡಿದಳು. ಆದರೆ ಬರುವುದನ್ನು ಬಿಡಲಿಲ್ಲ. ದಿನಾ ಬಂದು ಗುಂಡಿಯಲ್ಲಿ ಕೂತು ಊರಿನವರ ಕಾಲು ನೋಡುತ್ತಿದ್ದಳು. ಅವಳಿಗೆ ಕಾಣುತ್ತಿದ್ದದ್ದು ಅಷ್ಟೇ ತಾನೇ. ಯಾರ ಚಪ್ಪಲಿಯ ಉಂಗುಷ್ಠ ಕಿತ್ತಿದೆ, ಯಾರ ಹಿಮ್ಮಡಿ ಒಡೆದಿದೆ, ಎಲ್ಲ ಅವಳಿಗೆ ಗೊತ್ತಿತ್ತು. ಊಹೂಂ ಅನ್ನುವಾಗ ಎಷ್ಟೋ ಜನ ಕಾಲ್ಬೆರಳು ಮಡಿಸಿಕೊಳ್ಳುತ್ತಾರೆ ಅತ್ತಿಗೆ, ಮನಸ್ಸಿಲ್ಲ ಅಂತ ಕಾಣುತ್ತೆ ಎಂದು ನನಗೊಮ್ಮೆ ಹೇಳಿದ್ದಳು.

ಅವಳ ಗುಂಡಿಯ ಅಂಚಿನಲ್ಲಿ ದಿನಾ ಕಾಲು ಇಳಿಬಿಟ್ಟು ಕೂರುತ್ತಿದ್ದವಳು ಅವಳ ಮಗಳು ಕಮಲಾಕ್ಷಿ. ಮಕ್ಕಳು ಬಯಲಿನಲ್ಲಿ ಎಲ್ಲಿ ಬೇಕಾದರೂ ಓಡಾಡಬಹುದು, ಮಾತಾಡುವ ಹಾಗಿಲ್ಲ. ಈ ಕಮಲಿಗೆ ಮಾತಾಡದೆ ಇರುವುದೆಂದರೆ ಉಸಿರು ಕಟ್ಟಿದ ಹಾಗೆ. ಗಿರಣಿಗೆ ಬಂದರೆ ಸಾಕು, ಅತ್ತೆ ಇದು ಯಾಕೆ ಹೀಗೆ, ಅತ್ತೆ ಅದು ಯಾಕೆ ಹಾಗೆ. ಮೋಟಾರಿನ ಸದ್ದಿಗಿಂತ ಅವಳ ಸದ್ದೇ ಹೆಚ್ಚು. ಚಿಕ್ಕಂದಿನಿಂದ ಅವಳದು ಒಂದೇ ಆಸೆ. ನನ್ನ ಕಲ್ಲು ಬರಲಿ, ಆಗ ನೋಡಿ ಅನ್ನುತ್ತಿದ್ದಳು.

ಆ ವರ್ಷ ಅವಳಿಗೆ ಹದಿನೆಂಟು ತುಂಬಿತು. ಹದಿನೆಂಟು ತುಂಬಿದ ಹೆಣ್ಣುಮಗಳಿಗೆ ತಾಯಿ ತನ್ನ ಕಲ್ಲಿನ ಮೇಲೆ ಕೂತು ಬಯಲನ್ನು ಕಲ್ಲು ಕೇಳಬೇಕು. ಬೇರೆ ಯಾರೂ ಕೇಳುವ ಹಾಗಿಲ್ಲ, ಎರಡನೆಯ ಸಲ ಕೇಳುವ ಹಾಗೂ ಇಲ್ಲ. ಬಯಲು ಹೂಂ ಅಂದರೆ ಹುಡುಗಿ ನಿಂತಲ್ಲೇ ನೆಲದಿಂದ ಕಲ್ಲು ಮೂಡುತ್ತದೆ. ಊಹೂಂ ಅಂದರೆ ಮೂಡುವುದಿಲ್ಲ, ಅವಳು ಬೇಲಿಯ ಆಚೆಗೆ ಹೋಗಬೇಕು. ಕೇಳಿದ ತಾಯಿಯ ಕಲ್ಲೂ ಇಳಿಯುತ್ತದೆ. ಚೆನ್ನಾಜಿಯ ಕಲ್ಲಿಗೆ ಇನ್ನು ಇಳಿಯಲು ಉಳಿದಿದ್ದದ್ದು ಒಂದೇ ಊಹೂಂನಷ್ಟು ಜಾಗ. ತಾಯಿ ಮಗಳು ಇಬ್ಬರೂ ಒಂದೇ ಸಂಜೆ ಬೇಲಿಯ ಆಚೆ ನಿಲ್ಲುವುದನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ನಾನು ಕೈ ಕಟ್ಟಿ ಕೂರುವವಳಲ್ಲ. ಗಿರಣಿಗೆ ಬಂದ ಒಬ್ಬೊಬ್ಬರ ಹತ್ತಿರವೂ ಮಾತು ತೆಗೆದೆ. ರಾಗಿ ತಂದವರಿಗೆ ರಾಗಿ ಬೀಳುವಾಗ ಹೇಳಿದೆ, ಗೋಧಿ ತಂದವರಿಗೆ ಗೋಧಿ ಬೀಳುವಾಗ. ಎಲ್ಲರೂ, ಅಯ್ಯೋ ಇಂದ್ರಾಣಮ್ಮ, ಕಮಲಿಗೆ ನಾವು ಊಹೂಂ ಅಂತೀವಾ, ನಮ್ಮ ಕಣ್ಣೆದುರಿಗೆ ಬೆಳೆದ ಮಗು ಅಂದರು. ಒಬ್ಬೊಬ್ಬರೇ ಸಿಕ್ಕಾಗ ನಮ್ಮೂರಿನವರಷ್ಟು ಒಳ್ಳೆಯವರು ಎಲ್ಲೂ ಇಲ್ಲ. ಆದರೆ ಬಯಲಿನಲ್ಲಿ ಚೆನ್ನಾಜಿಯ ದನಿ ಕೇಳಿದರೆ ಊಹೂಂ ಎನ್ನುವುದು ಆಕಳಿಕೆಯ ಹಾಗೆ. ಒಬ್ಬರು ತೆಗೆದರೆ ಮಿಕ್ಕವರಿಗೂ ಬರುತ್ತದೆ. ಗಿರಣಿಯಲ್ಲಿ ಕೊಟ್ಟ ಮಾತು ಹಿಟ್ಟಿನ ಜೊತೆ ಮನೆಗೆ ಹೋಗಿಬಿಡುತ್ತದೆಂದು ನನಗೆ ಗೊತ್ತಿತ್ತು.

ಕಲ್ಲು ಕೇಳುವ ದಿನದ ಹಿಂದಿನ ಸಂಜೆ ಬಯಲು ಖಾಲಿಯಾಗುವವರೆಗೆ ಕಾದೆ. ಆಮೇಲೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡೂ ಏಣಿ ಹತ್ತಿದೆ. ನಮ್ಮವರು ಇಳಿಯಲು ಏಣಿಗೆ ಕಾಲಿಡುವವರಿದ್ದರು, ನನ್ನನ್ನು ಕಂಡು ಗಾಬರಿಯಾಗಿ ಮತ್ತೆ ಕೂತರು. ಅಷ್ಟೆತ್ತರಕ್ಕೆ ನಾನು ಹಿಂದೆಂದೂ ಹೋಗಿರಲಿಲ್ಲ. ಗಾಳಿ ಸುಯ್ಯನೆ ಬೀಸುತ್ತಿತ್ತು. ಅಲ್ಲಿಂದ ಊರೆಲ್ಲ ಚೆನ್ನಾಗಿ ಕಾಣುತ್ತದೆ, ಒಬ್ಬರ ಮುಖವೂ ಕಾಣುವುದಿಲ್ಲ. ಕೆಳಗೆ ನೋಡಿ, ನಿಮ್ಮ ತಂಗಿ ಕೂರುವ ಜಾಗ ಯಾವುದು ತೋರಿಸಿ ಅಂದೆ. ಅವರು ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ಹುಡುಕಿದರು. ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ. ಕೊನೆಗೆ ತಮ್ಮ ಕಲ್ಲಿನ ಪಕ್ಕದಲ್ಲೇ ಇದ್ದದ್ದನ್ನು ಬಿಟ್ಟು ಬೇರೆ ಯಾವುದೋ ಗುಂಡಿ ತೋರಿಸಿದರು. ನನ್ನ ಮೈಯೆಲ್ಲ ಉರಿದುಹೋಯಿತು. ಲಾಡು ಎಸೆದದ್ದು, ತಮಾಷೆ ಬಿಟ್ಟದ್ದು, ನಾಳೆ ಆಗಲಿರುವುದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ನಮ್ಮವರ ಮುಖ ಹುಳ್ಳಗಾಯಿತು.

"ನಾನೇನು ಮಾಡ್ಲಿ ಹೇಳು? ಕೇಳಬೇಕಾದವಳು ಅವಳು," ಅಂದರು. ಆಮೇಲೆ ತಗ್ಗಿದ ದನಿಯಲ್ಲಿ, "ನಂಗೂ ಇಲ್ಲಿ ಬೇಜಾರು ಕಣೇ. ಮಂಡಿನೋವು ಅಂತ ಹೇಳಿದ್ರೂ ಹೂಂ ಅಂತಾರೆ, ಕಲ್ಲು ಇನ್ನೂ ಒಂದು ಗೇಣು ಏರುತ್ತೆ. ಆದ್ರೆ ಕೆಳಗಿಳಿದ್ರೆ ಈ ಸೈಕಲ್ ಅಂಗಡಿಯವನ ಮಾತು ಯಾರು ಕೇಳ್ತಾರೆ?" ಅಂದರು.

"ನಾನು ಕೇಳ್ತೀನಲ್ಲ," ಅಂದೆ.

ಇಬ್ಬರೂ ಏಣಿ ಇಳಿದು ಮನೆಯ ದಾರಿ ಹಿಡಿದೆವು. ತಮಾಷೆಯಿಲ್ಲದೆ ಅವರು ಅಷ್ಟು ದೂರ ನಡೆದದ್ದನ್ನು ನಾನು ಅದೇ ಮೊದಲು ಕಂಡದ್ದು.

ಮಾರನೆಯ ಸಂಜೆ ಬಯಲು ತುಂಬಿತ್ತು. ಕಮಲಿ ಹಸಿರು ಲಂಗದಾವಣಿ ಉಟ್ಟು, ಎರಡು ಜಡೆಗೂ ಕನಕಾಂಬರ ಮುಡಿದು, ತಾಯಿಯ ಗುಂಡಿಯ ಪಕ್ಕದಲ್ಲಿ ನಿಂತಳು. ಬೇರೆ ದಿನ ಪಟಪಟ ಅನ್ನುವ ಹುಡುಗಿ ಅವತ್ತು ತುಟಿ ಕಚ್ಚಿಕೊಂಡಿದ್ದಳು. ಚೆನ್ನಾಜಿ ಗಂಟಲು ಸರಿಮಾಡಿಕೊಂಡಳು. ಗಂಟಲು ಸರಿಮಾಡಿಕೊಂಡದ್ದು ಅಷ್ಟೇ, ಇನ್ನೂ ಒಂದು ಅಕ್ಷರ ಆಡಿರಲಿಲ್ಲ, ಹಿಂದಿನ ಸಾಲಿನಲ್ಲಿ ಯಾರೋ ಊ ಎಂದು ಎಳೆದರು. ಪಕ್ಕದಲ್ಲಿ ಇನ್ನೊಬ್ಬರು ಎಳೆದರು. ಚೆನ್ನಾಜಿಯ ಕಲ್ಲು ಸಣ್ಣಗೆ ನಡುಗಿದ್ದು ನನಗೆ ಕಾಣಿಸಿತು. ಗಿರಣಿಯಲ್ಲಿ ಮಾತು ಕೊಟ್ಟವರ ಮುಖಗಳನ್ನೇ ದುರುಗುಟ್ಟಿಕೊಂಡು ನೋಡಿದೆ. ಒಬ್ಬರೂ ನನ್ನ ಕಡೆ ನೋಡಲಿಲ್ಲ.

ಆಗ ಮೇಲಿನಿಂದ ನಮ್ಮವರ ದನಿ ಬಂತು. ಲಾಡು ಕಮಟಾಗಿತ್ತು, ನಾನೂ ಎಸೆದೆ ಎಂದು ಕೂಗಿದರು. ಜನ ಅಭ್ಯಾಸಬಲದಿಂದ ಹೂಂ ಎಂದು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದರು. ಏನು ಹೇಳಿದ್ದು ಎಂದು ಒಬ್ಬರನ್ನೊಬ್ಬರು ಕೇಳಿದರು. ನಮ್ಮವರು ಇನ್ನೊಮ್ಮೆ, ಬಿಡಿಸಿ ಬಿಡಿಸಿ ಹೇಳಿದರು. ಗುರುಶಾಂತಪ್ಪನವರು ಕೆಂಪಗಾಗಿ ಎದ್ದು ನಿಂತು ಊಹೂಂ ಅಂದರು. ಬಯಲೆಲ್ಲ ಊಹೂಂ ಅಂದಿತು. ಎತ್ತರದ ಕಲ್ಲು ಗರಗರ ಎಂದು ಒಂದಾಳು ಕೆಳಗಿಳಿಯಿತು.

ನಮ್ಮವರು ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮುಂದುವರಿಸಿದರು. ತಂಗಿ ನಿಜ ಹೇಳಿದ್ದಳು, ನಾನು ನಗಿಸಿ ಅದನ್ನು ಮುಚ್ಚಿಹಾಕಿದೆ ಅಂದರು. ಊಹೂಂ, ಇನ್ನೊಂದಾಳು. ನೀವೆಲ್ಲ ಹೊಗಳಿ ಹೊಗಳಿ ಕಟ್ಟಿಸಿದ ಬಸ್ ಶೆಲ್ಟರ್‌ನಲ್ಲಿ ಬಿಸಿಲೂ ಬರುತ್ತೆ, ಮಳೆಯೂ ಬರುತ್ತೆ, ಬಸ್ಸೊಂದು ಬರಲ್ಲ ಅಂದರು. ಊಹೂಂ. ನನ್ನ ತಮಾಷೆಗಳಲ್ಲಿ ಅರ್ಧ ನಮ್ಮತ್ತೆಯವರದು ಅಂದರು. ಅದಂತೂ ಸತ್ಯ, ನಮ್ಮಮ್ಮ ಬಹಳ ನಗಿಸುವವಳು. ಅದಕ್ಕೂ ಊಹೂಂ. ಕಲ್ಲು ಹುಣಸೆಮರದ ತುದಿ ದಾಟಿತು, ಕೊಂಬೆ ದಾಟಿತು. ಏಣಿ ಕಳಚಿಕೊಂಡು ದಬಾರನೆ ಬಿತ್ತು. ನೆಲದ ಮಟ್ಟಕ್ಕೆ ಬಂದಾಗ ಮಳೆಗೆಂದು ಮೇಲೆ ಇಟ್ಟುಕೊಂಡಿದ್ದ ಕೊಡೆ ಕಂಕುಳಲ್ಲಿ ಸಿಕ್ಕಿಕೊಂಡಿತ್ತು, ಕನ್ನಡಕ ಮೂಗಿನ ತುದಿಯಲ್ಲಿತ್ತು. ನಾನು ಸಾಕು ನಿಲ್ಲಿಸಿ ಎಂದು ಸನ್ನೆ ಮಾಡಿದೆ. ಅವರು ನನ್ನನ್ನು ನೋಡಿ ಇಲ್ಲವೆಂದು ತಲೆಯಾಡಿಸಿದರು.

"ನೀವು ಇಷ್ಟು ವರ್ಷ ನನ್ನ ಮಾತಿಗೆ ಹೂಂ ಅಂದ್ರಿ. ಒಂದು ದಿನಾನೂ ಕೇಳಿಸ್ಕೊಂಡು ಅನ್ನಲಿಲ್ಲ. ನಾನೂ ನಿಮ್ಮದ್ಯಾವುದನ್ನೂ ಕೇಳಿಸ್ಕೊಳ್ಳಲಿಲ್ಲ," ಅಂದರು.

ಇದಕ್ಕೆ ಬಿದ್ದ ಊಹೂಂಗೆ ಹುಣಸೆಮರದ ಕಾಗೆಗಳು ಎದ್ದು ಹಾರಿದವು. ನಮ್ಮವರು ಕಲ್ಲಿನ ಸಮೇತ ನೆಲದೊಳಗೆ ಕುತ್ತಿಗೆಯವರೆಗೆ ಇಳಿದುಹೋದರು. ಅಣ್ಣ ತಂಗಿಯರ ಕಲ್ಲು ಮೊದಲಿನಿಂದಲೂ ಅಕ್ಕಪಕ್ಕದವೇ. ಎಷ್ಟೋ ವರ್ಷಗಳ ಮೇಲೆ ಇಬ್ಬರ ಮುಖಗಳೂ ಒಂದೇ ಮಟ್ಟಕ್ಕೆ ಬಂದವು. ಚೆನ್ನಾಜಿ ಅವರನ್ನೇ ನೋಡಿ, ತಲೆಯೆಲ್ಲ ನರೆತುಹೋಗಿದೆಯಲ್ಲ ಅಣ್ಣ ಅಂದಳು. ಅವರು ಮೂಗಿನ ತುದಿಯ ಕನ್ನಡಕವನ್ನು ಸರಿಮಾಡಿಕೊಂಡು ಅವಳನ್ನು ನೋಡಿದರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಹಿಟ್ಟಿನ ಧೂಳು ಬಿದ್ದಿತ್ತು ಎಂದು ಸುಳ್ಳು ಹೇಳುವುದಿಲ್ಲ, ಅಳುವೇ ಬಂದಿತ್ತು.

ಇಷ್ಟಾದ ಮೇಲೆ ಜನಕ್ಕೆ ತಡೆಯಲಾಗಲಿಲ್ಲ. ಊರಿನ ಅತಿ ಎತ್ತರದ ಮನುಷ್ಯ ಗುಂಡಿಯಲ್ಲಿ ಹೇಗೆ ಕಾಣುತ್ತಾನೆ ಎಂದು ನೋಡುವ ಆಸೆ ಯಾರಿಗೆ ಇರುವುದಿಲ್ಲ? ಮೊದಲು ಮುಂದಿನ ಸಾಲಿನವರು ಎದ್ದು ಬಂದರು, ಆಮೇಲೆ ಹಿಂದಿನ ಸಾಲಿನವರು. ಎತ್ತರದವರು ಧುಮುಕಿ ಬಂದರು, ತಗ್ಗಿನವರು ಹತ್ತಿ ಬಂದರು. ನೋಡನೋಡುತ್ತಿದ್ದಂತೆ ಇಡೀ ಬಯಲು ಆ ಎರಡು ಗುಂಡಿಗಳ ಸುತ್ತ ಬಗ್ಗಿ ನಿಂತಿತ್ತು. ಒಬ್ಬರ ಹೆಗಲ ಮೇಲೆ ಇನ್ನೊಬ್ಬರ ಗಲ್ಲ. ಚೆನ್ನಾಜಿ ತಲೆಯೆತ್ತಿ ನೋಡಿದಳು. ಕಾಲುಗಳ ಬದಲು ಸುತ್ತಲೂ ಮುಖಗಳು. ಸಿಕ್ಕ ಸಮಯ ಬಿಡುವವಳಲ್ಲ ನಮ್ಮ ಚೆನ್ನಾಜಿ. ಪಕ್ಕದ ಮನೆಯವರ ಹತ್ತಿರ ಮಾತಾಡುವಷ್ಟೇ ಮೆಲ್ಲಗೆ ಮಾತಾಡಿದಳು, ಎಲ್ಲರಿಗೂ ಕೇಳಿಸಿತು.

"ಇವಳು ನನ್ನ ಮಗಳು ಕಮಲಾಕ್ಷಿ. ಇವಳಿಗೊಂದು ಕಲ್ಲು ಕೇಳ್ತಿದೀನಿ. ಇವಳು ಹೇಳೋದೆಲ್ಲ ನಿಮಗೆ ಹಿಡಿಸುತ್ತೆ ಅಂತ ನಾನು ಹೇಳಲ್ಲ. ನನಗೇ ಎಷ್ಟೋ ಸಲ ಹಿಡಿಸಲ್ಲ. ಆದ್ರೆ ಇವಳು ಕೇಳ್ತಾಳೆ. ನನ್ನ ಮಾತನ್ನ ಕೊನೇವರೆಗೂ ಕೇಳಿದ್ದು ಈ ಬಯಲಲ್ಲಿ ಇವಳೊಬ್ಬಳೇ. ಕೇಳೋ ಒಂದು ಜೀವ ಹೆಚ್ಚಾಗ್ಲಿ ಅಂತ ಕಲ್ಲು ಕೊಡಿ."

ಇಷ್ಟು ಹತ್ತಿರದಿಂದ ಮುಖ ನೋಡಿಕೊಂಡು ಊಹೂಂ ಅನ್ನುವುದು ಯಾರಿಗೂ ಅಭ್ಯಾಸವಿರಲಿಲ್ಲ. ಹೂಂ ಅನ್ನುವುದಕ್ಕೂ ಹಿಂಜರಿಕೆ. ಕಲ್ಲು ಬಿಟ್ಟು ಎದ್ದು ಬಂದವರ ಹೂಂ ನಡೆಯುತ್ತದೋ ಇಲ್ಲವೋ ಒಬ್ಬರಿಗೂ ತಿಳಿಯದು. ತಮ್ಮ ಕಲ್ಲು ಬಿಟ್ಟು ಇನ್ನೊಬ್ಬರ ಹತ್ತಿರ ಹೋಗಿ ಮಾತು ಕೇಳಿದವರೇ ನಮ್ಮೂರಲ್ಲಿ ಇರಲಿಲ್ಲ. ಜನ ಮೆಲ್ಲಗೆ ಗುರುಶಾಂತಪ್ಪನವರ ಕಡೆ ನೋಡಿದರು. ಅವರು ಗುಂಡಿಯ ಅಂಚಿನಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ನಾನು ಮನಸ್ಸಿನಲ್ಲೇ ದೇವರಿಗೆ ಹರಕೆ ಹೊತ್ತೆ.

"ತುಪ್ಪದ ಮಾತಿಗೆ ಆವತ್ತೂ ಊಹೂಂ, ಇವತ್ತೂ ಊಹೂಂ," ಅಂದರು ಗುರುಶಾಂತಪ್ಪನವರು. ಆಮೇಲೆ ಕಮಲಿಯ ಕಡೆ ತಿರುಗಿದರು. "ಹುಡುಗಿಗೆ ಹೂಂ."

ಹೀಗೂ ಅನ್ನಬಹುದೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ ನೋಡಿ. ಒಂದೇ ಬಾಯಲ್ಲಿ ಒಂದು ಮಾತಿಗೆ ಊಹೂಂ, ಇನ್ನೊಂದಕ್ಕೆ ಹೂಂ. ಮಾತು ಬೇರೆ, ಆಡಿದವರು ಬೇರೆ. ಅವರ ಹಿಂದೆ ಒಬ್ಬರು ಹೂಂ ಅಂದರು, ಇಬ್ಬರು ಅಂದರು, ನಾನು ಅಂದದ್ದಂತೂ ಪಕ್ಕದೂರಿಗೆ ಕೇಳಿಸಿರಬೇಕು. ಕಮಲಿಯ ಪಾದದ ಕೆಳಗೆ ಮಣ್ಣು ಸಡಿಲವಾಯಿತು. ಅವಳು ಕಿಟಾರನೆ ಕಿರುಚಿ ನನ್ನ ಭುಜ ಹಿಡಿದುಕೊಂಡಳು. ಹೊಸ ಕಲ್ಲು ಸರಿಯಾಗಿ ಅವಳ ಕಾಲಡಿಯಲ್ಲೇ, ಇನ್ನೂ ಒದ್ದೆಯಾಗಿ, ಮೂಡಿ ನಿಂತಿತು.

ಚೆನ್ನಾಜಿಯ ಕಲ್ಲೂ ಏರತೊಡಗಿತು. ನಿಧಾನವಾಗಿ ಭುಜ ಕಂಡಿತು, ಸೊಂಟ ಕಂಡಿತು, ಎಲ್ಲರ ಸಮಕ್ಕೆ ಬಂದು ನಿಂತಿತು. ಅವಳು ಎದುರಿಗಿದ್ದ ಗುರುಶಾಂತಪ್ಪನವರನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಓ, ಆ ಒಡೆದ ಹಿಮ್ಮಡಿ ನಿಮ್ಮದಾ, ರಾತ್ರಿ ಮಲಗುವಾಗ ಹರಳೆಣ್ಣೆ ಹಚ್ಚಿ ಅಂದಳು. ಅವರು ತಮ್ಮ ಕಾಲನ್ನೇ ಸ್ವಲ್ಪ ಹೊತ್ತು ನೋಡಿಕೊಂಡು ಹೂಂ ಅಂದರು.

ಹೊಸ ಕಲ್ಲಿನವರು ಮೊದಲ ಮಾತನ್ನು ಎಲ್ಲರಿಗೂ ಹಿತವಾಗುವಂತೆ ಆಡುವುದು ವಾಡಿಕೆ. ಬೆಳದಿಂಗಳು ಚೆನ್ನಾಗಿದೆ, ಹಿರಿಯರ ಆಶೀರ್ವಾದ ಬೇಕು, ಹೀಗೆ. ಒಂದಿಷ್ಟು ಹೂಂ ಸುಲಭವಾಗಿ ಬೀಳುತ್ತವೆ. ಕಮಲಿ ಏನು ಹೇಳಿದಳು ಗೊತ್ತೇ? ಯಾರೇ ಮಾತಾಡಲಿ, ಅವರು ಮಾತು ಮುಗಿಸಿ ಒಂದು ಗುಟುಕು ನೀರು ಕುಡಿಯುವವರೆಗೆ ಯಾರೂ ಹೂಂ ಅನ್ನಬಾರದು, ಊಹೂಂ ಅನ್ನಬಾರದು ಎಂದು ಹೇಳಹೊರಟಳು. ಅವಳು ಯಾರೇ ಮಾತಾಡಲಿ ಎನ್ನುವಷ್ಟರಲ್ಲಿ ಅರ್ಧ ಬಯಲು ಹೂಂ ಅಂದಾಗಿತ್ತು, ಹೂಂ ಅನ್ನಬಾರದು ಎನ್ನುವಷ್ಟರಲ್ಲಿ ಮಿಕ್ಕರ್ಧ ಊಹೂಂ ಅಂದಾಗಿತ್ತು. ಹೊಸ ಕಲ್ಲು ಪಾಪ, ಏರುವುದೋ ಇಳಿಯುವುದೋ ತಿಳಿಯದೆ ಇದ್ದಲ್ಲೇ ಗಡಗಡ ನಡುಗಿತು. ಮೊದಲು ನಕ್ಕವರು ಗುಂಡಿಯೊಳಗಿನಿಂದ ನಮ್ಮವರು. ಆಮೇಲೆ ಎಲ್ಲರೂ ನಕ್ಕರು. ಆ ನಗುವಿನಿಂದ ಯಾರೂ ಇಳಿಯಲಿಲ್ಲ.

ಅವತ್ತಿನಿಂದ ಬಯಲಿನ ನಡುವೆ ಒಂದು ತಾಮ್ರದ ಚೊಂಬು ಇದೆ. ಮಾತಾಡಿದವರು ನೀರು ಕುಡಿಯುವವರೆಗೆ ಮಿಕ್ಕವರು ತುಟಿ ಬಿಚ್ಚುವ ಹಾಗಿಲ್ಲ. ಎಲ್ಲ ಸರಿಹೋಯಿತು ಎನ್ನಲಾರೆ. ತಮಾಷೆಯವರ ಕಲ್ಲು ಈಗಲೂ ಬೇಗ ಏರುತ್ತದೆ. ಒಂದೇ ಬೀದಿಯವರು ಮೊದಲೇ ಮಾತಾಡಿಕೊಂಡು ಬಂದು ಒಟ್ಟಿಗೆ ಊಹೂಂ ಅನ್ನುವುದೂ ಇದೆ. ಆದರೆ ಆ ಒಂದು ಗುಟುಕಿನ ಹೊತ್ತಿನಲ್ಲಿ ಎಷ್ಟೋ ಜನ ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುವುದನ್ನು ನಾನೇ ನೋಡಿದ್ದೇನೆ. ಹಿಂದಿನ ಸಾಲಿನವರು ಕೇಳಿಸದಿದ್ದರೆ ಎದ್ದು ಹತ್ತಿರ ಬರುತ್ತಾರೆ. ಈ ಸಲದ ದೀಪಾವಳಿಗೆ ಗುರುಶಾಂತಪ್ಪನವರು ಮೊದಲ ಲಾಡುವನ್ನು ಚೆನ್ನಾಜಿಗೆ ಕೊಟ್ಟು, ಅವಳು ಮೂಸಿ, ತಿಂದು, ನೀರು ಕುಡಿಯುವವರೆಗೂ ಕೈಕಟ್ಟಿಕೊಂಡು ಕಾದರು. ಅವಳು ಹೂಂ ಅಂದಳು. ನಿಜವಾಗಿಯೂ ಚೆನ್ನಾಗಿತ್ತು.

ನಮ್ಮವರ ಕಲ್ಲು ಮೆಲ್ಲಮೆಲ್ಲಗೆ ಏರಿ ಈಗ ನೆಲದಿಂದ ಒಂದು ಗೇಣು ಮೇಲಿದೆ. ಕಾಫಿಯನ್ನು ಕೈಗೇ ಕೊಡುತ್ತೇನೆ. ಮೊನ್ನೆ ಮನೆಯಲ್ಲಿ ಊಟಕ್ಕೆ ಕೂತಾಗ, ಚೆನ್ನಾಜಿಯ ಹುಳಿಗಿಂತ ನನ್ನ ಹುಳಿಯೇ ರುಚಿ ಅಲ್ಲವಾ ಎಂದು ಕೇಳಿದೆ. ಹಿಂದಾಗಿದ್ದರೆ ನಾನು ಬಾಯಿ ತೆರೆಯುತ್ತಲೇ ಹೂಂ ಅಂದುಬಿಡುತ್ತಿದ್ದರು. ಮೊನ್ನೆ ತುತ್ತು ಕೆಳಗಿಟ್ಟು ನನ್ನ ಮುಖ ನೋಡುತ್ತಾ ಮಾತನ್ನು ಕೊನೆಯವರೆಗೂ ಕೇಳಿದರು. ಲೋಟ ಎತ್ತಿ ಒಂದು ಗುಟುಕು ನೀರು ಕುಡಿದರು. ಆಮೇಲೆ ಊಹೂಂ ಅಂದರು.

ಸೊಟ್ಟ ಸೌಟು ಕೈಯಲ್ಲೇ ಇತ್ತು. ಬೈಯಬೇಕೆಂದೇ ಬಾಯಿ ತೆರೆದೆ. ಆದರೆ ಎಷ್ಟು ವರ್ಷಗಳ ಮೇಲೆ ಆ ಮನುಷ್ಯ ನನ್ನ ಮಾತನ್ನು ಪೂರ್ತಿ ಕೇಳಿದ್ದಾರಲ್ಲ ಎಂದು ಸಂತೋಷವಾಗಿ, ಅವರ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿದೆ.